ತುಂಗೆಯ ಕಾಗದ

ಕೆರಾಡಿ
ನವೆಂಬರ್ ೧೪, ೨೦೨೨

ನನ್ನ ಮುದ್ದಿನ ತಂಗಿ ಪೂಜಿತಾ,

ಫೋನ್ ಎತ್ತದವಳು ಕಾಗದವನ್ನಾದರೂ ಒಡೆದು ಓದುತ್ತೀಯೆಂಬ ಆಸೆಯಿಂದ ಬರೆಯುತ್ತಿದ್ದೇನೆ. ಮಗು ಹೇಗಿದೆ? ಹೆಸರಿಡುವ ದಿನ ಅಮ್ಮ ತ್ರಾಸಿಯ ನಿಮ್ಮ ಮನೆಗೆ ಬರುವುದು ಬೇಡವೆಂದು ನಿನ್ನ ಮಾವ ಹೇಳಿ ಕಳಿಸಿದ್ದು ಮುಟ್ಟಿತು. ನೀನೂ ಹಾಗೇ ಅಂದೆಯಂತೆ. ಅಂದಿನಿಂದ ಅಮ್ಮ ಸರಿಯಾಗಿ ಉಂಡಿಲ್ಲ.

ಬಾಣಂತಿ ಮಗಳಿಗೆ ಮನೆಯ ಹಾಲೇ ಆಗಬೇಕೆಂದು ಹಟ ಹಿಡಿದು ತುಂಗೆಯನ್ನೇ ನಿನ್ನಲ್ಲಿಗೆ ಕಳಿಸಿದವಳು ಅವಳು. ಆ ದನ ನಿಮ್ಮ ಹಟ್ಟಿಗೆ ಚರ್ಮಗಂಟು ರೋಗ ತಂದಿಟ್ಟು, ಹತ್ತೇ ದಿನದಲ್ಲಿ ಸತ್ತೂ ಹೋಯಿತು. ಈಗ ಮಾವನ ಎರಡು ದನಗಳಿಗೂ ಮೈತುಂಬ ಗಂಟು, ಡೈರಿಗೆ ಹಾಲು ಹಾಕುವಂತಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗುಲಾಬಿ ಗೊತ್ತಿದ್ದೂ ಮುಚ್ಚಿಟ್ಟಳು ಎಂದು ಅಮ್ಮನ ಬಗ್ಗೆ ನಮ್ಮೂರಿನವರೂ ಆಡಿಕೊಳ್ಳುತ್ತಿದ್ದಾರೆ.

ನಾನು ಈ ಊರಿನ ಪಶುಸಖಿ. ಮನೆಯಲ್ಲಿ ಗಂಟಿ ಎನ್ನುವುದನ್ನು ಪುಸ್ತಕದಲ್ಲಿ ಜಾನುವಾರು ಎಂದು ಬರೆಯಲು ಕಲಿತವಳು. ದನದ ಕಿವಿಗೆ ನಂಬರಿನ ಓಲೆ ಇರಬೇಕು, ಚುಚ್ಚುಮದ್ದು ಆಗಿರಬೇಕು, ಮೈಮೇಲೆ ಗಂಟಿದ್ದರೆ ಹಟ್ಟಿ ಬಿಟ್ಟು ಕದಲಿಸಬಾರದು, ಬೇರೆ ಊರಿಗೆ ಸಾಗಿಸಲು ಡಾಕ್ಟರರ ಕಾಗದ ಬೇಕು ಎಂದು ಮನೆಮನೆಗೆ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ತುಂಗೆಗೆ ಹಳದಿ ಓಲೆ ಚುಚ್ಚಿದ ದಿನ ಅಮ್ಮ, "ನಂಗಿಲ್ದಿದ್ ಓಲೆ ಇದ್ಕ್ ಬಂತ್ ಕಾಣ್" ಎಂದು ನಕ್ಕಿದ್ದಳು.

ಅವಳನ್ನು ಕೂರಿಸಿಕೊಂಡು ವಿಚಾರಿಸಿದೆ. ಕೊರಳ ಕೆಳಗೆ ನಾಲ್ಕು ಗಂಟು ಕಂಡದ್ದು ನಿಜವಂತೆ. ಹಾಡಿಯ ಪೊದೆಗಳಲ್ಲಿ ಮೇಯುವಾಗ ಉಣ್ಣಿ ಕಚ್ಚಿರಬೇಕೆಂದು ಅರಿಶಿನ ಎಣ್ಣೆ ಸವರಿದಳಂತೆ. ಹೇಳಬಾರದಿತ್ತೇ ಎಂದರೆ, "ನನ್ನತ್ರ ಯಾರ್ ಕೇಂಡ್ರ್ ಹೆಣೆ?" ತನ್ನನ್ನು ಯಾರೂ ಕೇಳಲೇ ಇಲ್ಲವೆಂಬ ಒಂದೇ ಮಾತು. ವಯಸ್ಸಾಯಿತು, ಮರೆವು ಬಂದಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೇನೆ. ನಿನ್ನ ಮಾವನಿಗೂ ಹಾಗೇ ಹೇಳಿಬಿಡು.

ನಾನೇ ಬಂದು ಅವರ ಕಾಲು ಹಿಡಿಯೋಣವೆಂದರೆ ದಿನವೂ ರೋಗದ ಹಟ್ಟಿ ಹೊಗುವವಳು ನಾನು. ಅಂಥವರು ಇನ್ನೊಬ್ಬರ ಹಟ್ಟಿಯ ಕಡೆ ಸುಳಿಯಬಾರದೆಂದು ಊರಿಗೆಲ್ಲ ಸಾರಿದವಳೂ ನಾನೇ. ಕೈಕಾಲು ಕಟ್ಟಿಹಾಕಿದಂತಾಗಿದೆ. ಅಮ್ಮ ಈಗಲೂ ಬೆಳಿಗ್ಗೆ ಎದ್ದವಳೇ ಚೆಂಬು ಹಿಡಿದು ಖಾಲಿ ಹಟ್ಟಿಗೆ ಹೋಗುತ್ತಾಳೆಂದು ಅವಳ ಜೊತೆಗಿರುವ ಅಣ್ಣ ರತನ್ ಹೇಳಿದ. ಅವನಿಗೂ ಏನು ಮಾಡಬೇಕೆಂದು ತೋಚುತ್ತಿಲ್ಲ.

ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಅಕ್ಕ,
ಶ್ರೀಲತಾ

ಸಹಿ ಹಾಕಿದ ಮೇಲೆ ಬರೆದದ್ದು:

ಅಮ್ಮನಿಗೆ ಮರೆವಿಲ್ಲ, ಪೂಜಿ. ತುಂಗೆಯನ್ನು ಸಾಗಿಸಲು ಡಾಕ್ಟರರ ಕಾಗದಕ್ಕೆ ವಿವರ ಬರೆದುಕೊಂಡ ದಿನ ನನಗೆ ಇನ್ನೂ ಏಳು ಮನೆ ಬಾಕಿಯಿತ್ತು. ಗದ್ದೆಯಲ್ಲಿ ಕಟಾವಿನ ಯಂತ್ರದ ಗದ್ದಲ. ಬೇಲಿಯಾಚೆಯಿಂದಲೇ ಕೂಗಿದೆ: "ಹ್ವಾಯ್ ಅಮ್ಮಾ, ಗಂಟ್ ಇತ್ತಾ?" "ಇಲ್ಲೆ" ಎಂದಳು. ಗಂಟಿಲ್ಲ ಎಂದು ಬರೆದುಕೊಟ್ಟೆ. ನನ್ನನ್ನು ನಂಬಿ ಡಾಕ್ಟರರು ಸಹಿ ಹಾಕಿದರು.

ನಿನ್ನೆ ಅಮ್ಮ ಏನೋ ಮಾತಿಗೆ ಹೇಳಿದಳು: "ನೀ ಅವತ್ತ್ ಗಂಟಿ ಇತ್ತಾ ಅಂತ ಕೇಂಡಿ. ಹಾಡಿಗ್ ಹೋಯಿತ್, ಅದ್ಕೇ ಇಲ್ಲೆ ಅಂದೆ." ನಾನು ಕೇಳಿದ್ದು ಗಂಟು, ಅವಳಿಗೆ ಕೇಳಿಸಿದ್ದು ಗಂಟಿ. ಮುಟ್ಟಿ ನೋಡದೆ ಬರೆಯಬಾರದೆಂಬುದೇ ನಮಗೆ ಕಲಿಸಿದ ಮೊದಲ ಪಾಠ. ಸಂಜೆ ದನ ಮನೆಗೆ ಬಂದ ಮೇಲೆ ನಾನು ಹೋಗಿ ಮುಟ್ಟಲಿಲ್ಲ.

ಇದನ್ನು ಮಾವನಿಗೆ ಓದಿ ಹೇಳು. ಅಮ್ಮನಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಹೆಸರಿಡುವ ದಿನ ಅವಳನ್ನು ಕರೆ. ಬರಬಾರದವಳು ನಾನು.