ಎಚ್ ಇಲ್ಲದ ಹೇರೋಹಳ್ಳಿ

ಹೇರೋಹಳ್ಳಿ
14-8-1988

ಪ್ರೀತಿಯ ಜಗದಾಂಬಾ,

ನಿನ್ನ ಕಾಗದ ಬಂದು ತಿಂಗಳು ದಾಟಿತು. ಬೈಯಬೇಡ ಅನ್ನುವುದಿಲ್ಲ, ಚೆನ್ನಾಗಿ ಬೈದು ಆಮೇಲೆ ಓದು. ಮಗುವಿಗೆ ಹಲ್ಲು ಬಂತೇ? ನೀನು ಮದುವೆಯಾಗಿ ದಾವಣಗೆರೆ ಸೇರಿದ ಮೇಲೆ ಕಾಲೇಜಿನಲ್ಲಿ ನನ್ನ ಗೊಣಗಾಟ ಕೇಳುವವರೇ ಇಲ್ಲ ಕಣೇ. ಇಲ್ಲಿ ಮಳೆ ಬಂದು ರಸ್ತೆಯೆಲ್ಲ ಕೆಸರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಬಸ್‌ಸ್ಟಾಪಿಗೆ ಹೋಗುತ್ತೇನೆ.

ನನ್ನ ಎಂ.ಫಿಲ್ ಪ್ರಬಂಧ ನಮ್ಮೂರ ಕೆರೆಯ ಚರಿತ್ರೆ ಎಂದು ನಿನಗೆ ಗೊತ್ತು. ಅದರ ಜೀವವೆಲ್ಲ ಮೂರನೇ ಅಧ್ಯಾಯದಲ್ಲಿದೆ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ನಮ್ಮ ತಾತ. ತೂಬಿಗೆ ಕಸ ಕಟ್ಟಿಕೊಂಡಾಗ ಬಿಡಿಸಲು ಮುಳುಗಿದವರು ಮೇಲೆ ಬರಲಿಲ್ಲ. ಆಮೇಲೆ ನಮ್ಮಜ್ಜಿ ಮುನಿತಾಯಮ್ಮ, ಊರವರು ಆಡಿಕೊಂಡರೂ ಬಿಡದೆ, ತಾನೇ ಗುದ್ದಲಿ ಹಿಡಿದು ನೀರು ಹಂಚಿದಳು. ಅಪ್ಪನಿಗೂ ಹೇಳದ್ದನ್ನೆಲ್ಲ ನನಗೆ ಹೇಳಿದ್ದಳು.

ಸಿಟಿಯ ಒಂದು ಲೈಬ್ರರಿಗೆ ಕಂಪ್ಯೂಟರ್ ಬಂದಿದೆ, ಲೇಖನಗಳ ಪಟ್ಟಿಯೆಲ್ಲ ಅದರೊಳಗಿದೆ ಎಂದು ಕಾಲೇಜಿನಲ್ಲಿ ನೋಟೀಸು ಹಾಕಿದ್ದರು. ಕುಣಿಯುತ್ತ ಹೋದೆ. ಕೆರೆಗೆ ಇಂಗ್ಲಿಷಿನಲ್ಲಿ 'ಟ್ಯಾಂಕ್' ಎಂದು ಬರೆದುಕೊಟ್ಟರೆ, ಬಂದದ್ದೆಲ್ಲ ಯುದ್ಧದ ಟ್ಯಾಂಕು! ಕಂಪ್ಯೂಟರ್ ನೋಡಿಕೊಳ್ಳುವ ಶ್ಯಾಮಸುಂದರ ಎಂಬಾತ, "ಏನ್ ಮೇಡಂ, ಮಿಲಿಟರಿ ಸೇರ್ತೀರಾ?" ಎಂದು ನಕ್ಕ. ಹೇರೋಹಳ್ಳಿ ಎಂದು ಕೊಟ್ಟೆ. ಏನೂ ಬರಲಿಲ್ಲ.

"ಬೇರೆ ಸ್ಪೆಲಿಂಗ್ ಇದ್ಯಾ ನೋಡಿ. ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಇದಕ್ಕೆ ಗೊತ್ತಾಗಲ್ಲ" ಎಂದ.

ಅಜ್ಜಿಯ ಬಾಯಲ್ಲಿ ಹಕಾರ ಹೊರಡುವುದಿಲ್ಲ, ಅವಳಿಗೆ ಅದು ಏರೋಹಳ್ಳಿಯೇ. ಅವಳು ಅಂದ ಹಾಗೇ ಇರಲಿ ಎಂದು ಅಧ್ಯಾಯದಲ್ಲಿ ನಾನೂ ಇಂಗ್ಲಿಷಿನಲ್ಲಿ ಎಚ್ ಬಿಟ್ಟು ಬರೆದಿದ್ದೆ. ಹಾಗೇ ಕೊಟ್ಟೆ ನೋಡು, ಒಂದೇ ಒಂದು ಲೇಖನ ಬಂತು. ನನ್ನ ಅಧ್ಯಾಯದ ತಲೆಬರಹವೇ! ಕೆಳಗೆ, ತಿದ್ದಿಕೊಡುತ್ತೇನೆಂದು ಆ ಅಧ್ಯಾಯ ಇಸಿದುಕೊಂಡಿದ್ದ ನನ್ನ ಗೈಡ್ ಪದ್ಮನಾಭ ಸಾರ್ ಹೆಸರು. ಕದ್ದವರಿಗೆ ನನ್ನ ಕಾಗುಣಿತ ತಿದ್ದುವಷ್ಟೂ ಪುರುಸೊತ್ತಿರಲಿಲ್ಲ. ಪತ್ರಿಕೆ ತೆಗೆಸಿ ಓದಿದೆ. ಅಜ್ಜಿಯ ಹೆಸರಿರಬೇಕಾದ ಕಡೆ 'ಒಬ್ಬ ನೀರಗಂಟಿಯ ಹೆಂಡತಿ' ಎಂದಷ್ಟೇ ಇತ್ತು.

ಮರುದಿನ ಅವರ ಮುಂದೆ ಹೋಗಿ ನಿಂತೆ. ಸಿಟ್ಟೂ ಮಾಡಲಿಲ್ಲ ಮಹಾನುಭಾವರು. "ನಿನ್ ಹೆಸರಲ್ಲಿ ಕಳ್ಸಿದ್ರೆ ಯಾರಮ್ಮಾ ಹಾಕ್ಕೊಳ್ತಿದ್ರು? ವಿಷಯ ಹೊರಗೆ ಬಂತಲ್ಲ, ಸಂತೋಷಪಡು" ಎಂದರು.

"ಪರೀಕ್ಷಕರು ನಾನೇ ನಿಮ್ಮದನ್ನ ಕದ್ದೆ ಅಂತಾರಲ್ಲ ಸಾರ್?"

"ಫುಟ್‌ನೋಟಲ್ಲಿ ನನ್ ಲೇಖನ ಹಾಕು, ಮುಗೀತು. ಆ ಅಜ್ಜಿ ಹೆಸರು ತೆಗೆದುಬಿಡು, ಎರಡು ಕಡೆನೂ ಒಂದೇ ತರ ಇರ್ಲಿ. ನಾನು ಸೈನ್ ಮಾಡ್ತೀನಿ."

ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು. ಅವರ ಸಹಿಯಿಲ್ಲದೆ ಡಿಗ್ರಿ ಇಲ್ಲ. ಹೊಳೆನೀರಿಗೆ ದೊಣೆನಾಯಕನ ಅಪ್ಪಣೆಯೇ ಅನ್ನುತ್ತಾರೆ. ನನಗೆ ನಮ್ಮ ಮನೆಯ ಮಾತಿಗೇ ಅಪ್ಪಣೆ ಬೇಕಾಯಿತು. ಯಾರಿಗೆ ಹೇಳಲಿ? ಹೇಳಿದರೆ ನಂಬುವವರಾದರೂ ಯಾರು? ಅಳು ಬರುತ್ತದೆಯೇ ಹೊರತು ದಾರಿ ತೋಚುವುದಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ, ಹೇಳೇ.

ಯಜಮಾನರಿಗೆ ನಮಸ್ಕಾರ. ನಿನ್ನ ಕಂದ ನೂರು ವರ್ಷ ತಣ್ಣಗಿರಲಿ.

ನಿನ್ನ
ವೆಂಕಟಲಕ್ಷ್ಮಿ

ತಾ.ಕ.: ಕಾಗದ ಅಂಚೆಗೆ ಹಾಕದೆ ಹಾಗೇ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಎಲ್ಲ ಮುಗಿಯಿತು. ಅವರು ಹೇಳಿದ ಹಾಗೇ ಮಾಡಿದೆ ಕಣೇ, ಸಹಿ ಸಿಕ್ಕಿತು. ನಿನ್ನೆ ಟೈಪಾದ ಹಾಳೆ ನೋಡಿ ಅಜ್ಜಿ, "ಏನ್ ಬರ್ದಿದೀಯ, ಓದಮ್ಮಿ" ಎಂದಳು. ಇದ್ದದ್ದನ್ನೇ ಕನ್ನಡ ಮಾಡಿ ಓದಿದೆ: 'ಪದ್ಮನಾಭ ಅವರು ಗುರುತಿಸಿರುವಂತೆ, ಒಬ್ಬ ನೀರಗಂಟಿಯ ಹೆಂಡತಿ, ಗಂಡ ತೂಬಿನಲ್ಲಿ ಮುಳುಗಿ ಸತ್ತ ಮೇಲೆ...' ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಆಯಮ್ಮಂಗೂ ನನ್ನಂಗೇ ಆಗೋಯ್ತಲ್ಲ. ಯಾವೂರಂತೆ?" ಎಂದು ಕೇಳಿದಳು.