ಏಳನೇ ಮೇಜಿನ ಆರು ಚೀಟಿ

ಅಡುಗೆಮನೆ ಕಿಟಕಿಯ ಪಕ್ಕದಿಂದ,
ಮಾರ್ಚ್ ಹನ್ನೊಂದು, ಬೆಳಗ್ಗೆ

ಪ್ರೀತಿಯ ಅಣ್ಣಾ,

ಇಲ್ಲ, ನಾನು ಒಪ್ಪಲ್ಲ. ಶತ್ರುಗಳ ಸೆರೆಯಲ್ಲಿ ಕೂತುಕೊಂಡು "ನೀನು ಸೈನ್ಯಕ್ಕೆ ಸೇರಬೇಡ ಕಣೋ, ಮಡಚೋ ಕೆಲಸಾನೇ ಮಾಡ್ಕೊಂಡಿರು" ಅಂತ ಬರೆಯೋಕೆ ನಿನಗೇನು ಹಕ್ಕಿದೆ? ನೀನು ಬಾಂಬರ್ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು, ಹಿಮ್ಮುಖವಾಗಿ ಕೂತು ಆಕಾಶವೆಲ್ಲ ಸುತ್ತಬಹುದು. ನಾನು ಮಾತ್ರ ಹತ್ತನೇ ಕ್ಲಾಸು ಮುಗಿಸಿದಾಗಿಂದ ಅದೇ ಏಳನೇ ಮೇಜಿನ ಮುಂದೆ ನಿಂತು ಪ್ಯಾರಾಚೂಟ್ ಮಡಚಬೇಕಾ? ಇರಲಿ, ಜಗಳ ಆಮೇಲೆ. ಮೊದಲು ನೀನು ಹೇಗಿದ್ದೀಯ ಹೇಳು. ಕಾಲಿನ ಪೆಟ್ಟು ವಾಸಿಯಾಯ್ತಾ? ಹೊಟ್ಟೆ ತುಂಬ ಕೊಡ್ತಾರಾ, ಇಲ್ಲ ಅಮ್ಮನಿಗೆ ಸಮಾಧಾನ ಆಗಲಿ ಅಂತ ಹಾಗೆ ಬರೆದೆಯಾ? ಮಧ್ಯದಲ್ಲಿ ಈ ಕಾಗದ ಒಡೆದು ಓದೋ ದೊಡ್ಡವರೇ, ನಿಮಗೂ ನಮಸ್ಕಾರ. ಮಸಿ ಬಳಿಯೋದಾದರೆ ನನ್ನ ಕಾಗುಣಿತದ ತಪ್ಪುಗಳ ಮೇಲೆ ಬಳಿದುಬಿಡಿ, ಉಪಕಾರ ಆಗುತ್ತೆ.

ಅಮ್ಮ ಚೆನ್ನಾಗಿದ್ದಾಳೆ. ವಿಮಾನದಿಂದ ಹಾರಿದಾಗ ಒಂದು ಬೂಟು ಕಳಚಿಕೊಂಡು ನಿನಗಿಂತ ಮುಂಚೆ ನೆಲ ಸೇರಿತು ಅಂತ ಬರೆದಿದ್ದೀಯಲ್ಲ, ಅದನ್ನೇ ಹಿಡ್ಕೊಂಡಿದ್ದಾಳೆ. "ಯಾವ ಕಾಲಿಂದು ಅಂತ ಕೇಳೋ, ಆ ಕಾಲಿಗೆ ದಪ್ಪಗೆ ಹೆಣೀತೀನಿ" ಅಂತಾಳೆ. ನಗಬೇಡ, ಒಂದು ಕಾಲುಚೀಲ ಆಗಲೇ ಮೊಣಕಾಲು ಮುಟ್ಟೋ ಹಾಗಿದೆ.

ನಿನ್ನ ಕಾರ್ಡು ನನ್ನ ಜೇಬಲ್ಲೇ ಇರುತ್ತೆ. "ವಿಮಾನದ ಸದ್ದು ನಿಂತುಹೋಯ್ತು. ಹತ್ತಿಯ ಒಳಗೆ ಇಳಿದ ಹಾಗಿತ್ತು" ಅಂತ ಬರೆದಿದ್ದೀಯ. ನಮ್ಮ ಕಾರ್ಖಾನೆಯಲ್ಲೂ ಅಂಥ ಒಂದು ಗಳಿಗೆ ಬರುತ್ತೆ. ದೊಡ್ಡ ಕಿಟಕಿಯಿಂದ ಗಾಳಿ ಬಂದರೆ ಉದ್ದ ಮೇಜಿನ ಮೇಲೆ ಹರಡಿದ ಬಿಳೀ ರೇಷ್ಮೆ ಮೆಲ್ಲಗೆ ಏಳುತ್ತೆ, ಯಾರೋ ಒಳಗೆ ಮಲಗಿ ಉಸಿರಾಡೋ ಹಾಗೆ. ಆಗ ನಾನು ಕೈ ಬಿಟ್ಟು ನೋಡ್ತಾ ನಿಂತುಬಿಡ್ತೀನಿ. ಅದರ ಕೆಳಗೆ ನೀನು ತೂಗಾಡ್ತಾ, ಒಂದು ಬರಿಗಾಲು ಆಡಿಸ್ತಾ, ನಿಧಾನವಾಗಿ ಇಳೀತಾ ಇರ್ತೀಯ. ನೆಲ ಮಾತ್ರ ಎಷ್ಟು ಹೊತ್ತಾದರೂ ಬರೋದೇ ಇಲ್ಲ. ಮೇಸ್ತ್ರಿ ಕೆಮ್ಮಿದ ಮೇಲೇ ನಾನು ಇಳಿಯೋದು.

ನಿನ್ನ ಪ್ಯಾರಾಚೂಟಿನ ಜೇಬಲ್ಲಿ ಸಿಕ್ಕ ಚೀಟಿಯಲ್ಲಿ ಹತ್ತನೇ ಮೇಜು ಅಂತ ಇತ್ತು, ಅವರಿಗೆ ಥ್ಯಾಂಕ್ಸ್ ಹೇಳು ಅಂದಿದ್ದೆಯಲ್ಲ, ಹೇಳಿದೆ. ಅವರು ಯಾರು ಗೊತ್ತಾ? ನಾವೆಲ್ಲ ಗೊಣಗಕ್ಕ ಅಂತ ಆಡಿಕೊಳ್ತಿದ್ದೆವಲ್ಲ, ಅವರೇ. ಒಂದೊಂದು ಪ್ಯಾರಾಚೂಟಿಗೆ ಇಪ್ಪತ್ತೆಂಟು ಹಗ್ಗ. ಅದರಲ್ಲಿ ಒಂದು ಅಡ್ಡ ಬಿದ್ದರೂ ಆಕಾಶದಲ್ಲಿ ಸಿಕ್ಕಾಗುತ್ತೆ. ಎಣಿಸಿದ ಮೇಲೇ ಚೀಟಿಗೆ ಸಹಿ ಹಾಕಬೇಕು. ನಾವು ಕಣ್ಣಲ್ಲೇ ಎಣಿಸ್ತೀವಿ, ಅವರು ತುಟಿ ಅಲ್ಲಾಡಿಸ್ತಾ ಎರಡೆರಡು ಸಲ ಎಣಿಸ್ತಾರೆ. "ಅಕ್ಕಾ, ನಮ್ಮಣ್ಣ ಉಳಿದದ್ದು ನಿಮ್ಮಿಂದ" ಅಂದೆ. ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ಕೊಂಡರು. "ನಾನೇನಪ್ಪಾ ಮಾಡ್ದೆ? ಇಪ್ಪತ್ತೆಂಟು ಎಣಿಸ್ದೆ, ಅಷ್ಟೆ" ಅಂದರು. ಆಮೇಲೆ ನನ್ನ ಮೇಜಿನ ಕಡೆ ನೋಡಿ, "ನೀನೂ ಅದೇ ತಾನೇ ಮಾಡೋದು" ಅಂದರು.

ಅವತ್ತಿಂದ ನನಗೆ ಕೈ ಓಡ್ತಿಲ್ಲ. ಸೈನ್ಯ ಸೇರೋ ಅರ್ಜಿ ತುಂಬಿಸಿ ನಾಲ್ಕು ದಿನ ಆಯ್ತು, ಕೊಟ್ಟಿಲ್ಲ.

ಅಮ್ಮನ ಆಶೀರ್ವಾದ ಒಂದು ಮೂಟೆ, ನನ್ನ ಕಡೆಯಿಂದ ಬೆನ್ನಿಗೆ ಒಂದು ಗುದ್ದು. ಬೇಗ ಬಂದು ವಾಪಸ್ ಕೊಡು.

ನಿನ್ನ ತಮ್ಮ,
ಬುಗುರಿ

ತಾ.ಕ.: ಅಂಟಿಸಿದ್ದ ಲಕೋಟೆ ಮತ್ತೆ ಬಿಚ್ಚಿದೆ. ನೀನು ಪತ್ತೆ ಇಲ್ಲ ಅಂತ ತಂತಿ ಬಂದ ದಿನ ಮೇಸ್ತ್ರಿ "ಮನೆಗೆ ಹೋಗೋ" ಅಂದರು. ಅಮ್ಮನ ಮುಖ ನೋಡೋಕೆ ಹೆದರಿ ನಾನು ಹೋಗಲಿಲ್ಲ. ಆ ಮಧ್ಯಾಹ್ನ ಆರು ಪ್ಯಾರಾಚೂಟ್ ಮಡಚಿದೆ. ಆರು ಚೀಟಿಗೂ ಸಹಿ ಹಾಕಿದ್ದು ನೆನಪಿದೆ, ಎಣಿಸಿದ್ದು ನೆನಪಿಲ್ಲ. ಆರೂ ಹೋಗಿವೆ, ಯಾರದೋ ಬೆನ್ನ ಮೇಲಿವೆ. ಸೈನ್ಯ ಸೈನ್ಯ ಅಂತ ಹಾರಾಡಿದ್ದು ಧೈರ್ಯಕ್ಕಲ್ಲ ಅಣ್ಣಾ, ಆ ಮೇಜಿಂದ ಓಡಿಹೋಗೋಕೆ. ಅರ್ಜಿ ಈಗ ಒಲೆಗೆ ಹಾಕಿದೆ. ಮೇಸ್ತ್ರಿ ಎಂಟಕ್ಕೆ ಬರ್ತಾರೆ, ಎಲ್ಲಾ ಹೇಳಿಬಿಡ್ತೀನಿ. ಆ ಆರರ ನಂಬರುಗಳೆಲ್ಲ ಅವರ ಪುಸ್ತಕದಲ್ಲಿವೆ, ಎಲ್ಲಿದ್ದರೂ ವಾಪಸ್ ತರಿಸಬಹುದು. ಕೆಲಸ ಹೋಗುತ್ತೆ. ಜೈಲಿಗೆ ಹಾಕಿದರೆ ಇಬ್ಬರೂ ಒಳಗಿಂದಲೇ ಕಾಗದ ಬರ್ಕೊಳ್ಳೋಣ. "ಇಷ್ಟು ಬೇಗ ಎಲ್ಲಿಗೋ?" ಅಂತ ಅಮ್ಮ ಕೇಳ್ತಿದ್ದಾಳೆ. ಕೆಲಸಕ್ಕೆ ಅಂದೆ. ಎರಡೂ ಬೂಟು ಹಾಕಿದ್ದೀನಿ. ಬಾಗಿಲು ಎಳ್ಕೊಂಡು ಹೊರಟೆ.