ತಗಡಿನ ಡಯಾಫ್ರಮ್

ಸಿಂಧನೂರು
೨೮ ಮೇ ೨೦೨೫

ಪ್ರೀತಿಯ ಅಣ್ಣನಿಗೆ ಅನುಪಮಾಳ ಜೈಭೀಮ್.

ಹೇಗಿದ್ದೀ? ಅಸ್ಸಾಮಿನ ಮಳೆಗೆ ಹಿಡಿದ ನಿನ್ನ ನೆಗಡಿ ಇಳಿಯಿತೋ ಇಲ್ಲವೋ? ಕ್ಯಾಂಪಿನ ಅನ್ನಕ್ಕೆ ಹೊಟ್ಟೆ ಬಂದಿದೆ ಎಂದು ಅವ್ವ ನಿನ್ನ ಫೋಟೋ ನೋಡಿ ನಕ್ಕಳು. ನನಗೇನೋ ನೀನು ಸೊರಗಿದಂತೆ ಕಂಡೆ. ಇಲ್ಲಿ ನಾವು ಬಿಸಿಲಿಗೆ ಬೆಂದು ಹೋಗಿದ್ದೇವೆ. ಕಾಲುವೆಗೆ ನೀರು ಬಿಡುವುದು ನಿಂತು ತಿಂಗಳ ಮೇಲಾಯಿತು. ಗಾಳಿ ಬಂದಾಗಲೆಲ್ಲ ರೈಸ್ ಮಿಲ್ಲಿನ ತೌಡು ಮಾತ್ರ ತಪ್ಪದೆ ನಮ್ಮ ಮೈಕ್‌ಸೆಟ್ಟಿನ ಅಂಗಡಿಯೊಳಗೆ ಬಂದು ಕೂರುತ್ತದೆ.

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. "ಅಂಗಡಿ ಬಿಟ್ಟು ಕೇಂದ್ರದ ಮೀಸಲು ಪೊಲೀಸ್ ಕೆಲಸಕ್ಕೆ ಹೋದೆನೆಂದು ಅಪ್ಪನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ? ಫೋನ್ ಕೊಟ್ಟರೆ 'ಆರಾಮ ಇದ್ದೀನಿ, ಊಟ ಮಾಡು' ಎಂದಷ್ಟೇ ಹೇಳಿ ನಿನ್ನ ಕೈಗೆ ವಾಪಸ್ ಕೊಡುತ್ತಾನಲ್ಲ" ಎಂದು ನೀನು ಕೇಳಿದೆ. ಅಪ್ಪ ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನೀನು ಹೆಬ್ಬೆರಳು ತೋರಿಸಿ ಮುಗಿಸುವ ಗಿರಾಕಿ. ಅದಕ್ಕೇ ಪೋಸ್ಟಾಫೀಸಿನಿಂದ ಕವರು ತಂದು ಬರೆಯುತ್ತಿದ್ದೇನೆ. ಸಿಟ್ಟಲ್ಲ ಅಣ್ಣ. ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ.

ನಮಗೂ ಈಚೆಗಷ್ಟೇ ಗೊತ್ತಾಯಿತು. ಏಪ್ರಿಲಿನಲ್ಲಿ ಭೀಮ ಜಯಂತಿಯ ಮೆರವಣಿಗೆಯೊಂದಕ್ಕೆ ನಮ್ಮ ಮೈಕಿನ ಹಾರ್ನುಗಳು ಹೋಗಿದ್ದವು. ಯಾರೋ ಅವನ್ನು ಡಿಜೆಯ ಆಂಪ್ಲಿಫೈಯರಿಗೆ ಜೋಡಿಸಿ, ಹಾರ್ನಿನ ಬುಡದಲ್ಲಿ ದನಿ ಹುಟ್ಟಿಸುವ ಎರಡು ಯೂನಿಟ್ ಸುಟ್ಟರು. ಅಜ್ಜ ಹೈದರಾಬಾದಿನಿಂದ ತಂದ ಆ ಭಾರದ ಯೂನಿಟ್ಟುಗಳು ನಿನಗೆ ನೆನಪಿರಬೇಕು. ಚಿಕ್ಕಂದಿನಲ್ಲಿ ಒಂದನ್ನು ಕಾಲ ಮೇಲೆ ಹಾಕಿಕೊಂಡು ಓಣಿಗೆಲ್ಲ ಕೇಳುವಂತೆ ಅತ್ತವನು ನೀನೇ. ಅಯಸ್ಕಾಂತ ಗಟ್ಟಿಯಾಗಿಯೇ ಇತ್ತು. ಒಳಗಿನ ಡಯಾಫ್ರಮ್, ಬಂದೂಕು ಹಿಡಿದ ಮೇಲೆ ಮರೆತಿದ್ದರೆ ಹೇಳುತ್ತೇನೆ, ದನಿಗೆ ಅದುರುವ ಆ ಬಟ್ಟಲಿನಂಥ ಪೊರೆ, ಕಾಯಿಲ್ ಸಮೇತ ಕರಕಲಾಗಿತ್ತು. ಹೊಸ ಯೂನಿಟ್ಟೇ ತಗೊಳ್ಳೋಣ ಎಂದೆ. ಅಪ್ಪ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಎದ್ದ.

ಲಿಂಗಸುಗೂರಿಗೆ, ದಾದೇಸಾಬ ಮಾಮಾನ ರಿಪೇರಿ ಅಂಗಡಿಗೆ ಹೋದೆವು. ಈ ಕಡೆ ಹಳೇ ಸಾಮಾನು ಇಟ್ಟುಕೊಂಡು ಕೂತವನು ಈಗ ಅವನೊಬ್ಬನೇ. ನಮ್ಮ ಯೂನಿಟ್ಟಿಗೆ ಹದಿನಾರು ಓಮ್‌ನ ಡಯಾಫ್ರಮ್ ಬೇಕು, ಈಗ ಬರುವುದೆಲ್ಲ ಎಂಟು ಓಮ್‌ನದು. ಡಬ್ಬಗಳನ್ನೆಲ್ಲ ಸುರುವಿ ಎರಡು ಥರ ತೆಗೆದ. ಒಂದು ಕಂದು ಬಣ್ಣದ ಬಟ್ಟೆಯದು, ಮೊದಲಿದ್ದಂಥದ್ದೇ. ಇನ್ನೊಂದು ಹೊಳೆಯುವ ತಗಡಿನದು. ಎರಡನ್ನೂ ಹಾಕಿ ನೋಡಿ ಬೇಡಾದದ್ದನ್ನು ವಾಪಸ್ ತಾ ಎಂದು ಚಹಾ ಕುಡಿಸಿ ಕಳಿಸಿದ.

ಅಪ್ಪ ಹೇಗೆ ನೋಡುತ್ತಾನೆ ಗೊತ್ತಲ್ಲ. ಹಾಡು ಹಚ್ಚುವುದಿಲ್ಲ, ಹಾಡಿಗೆ ಯಾವುದಾದರೂ ನಡೆಯುತ್ತದೆ ಎನ್ನುತ್ತಾನೆ. ಹಾರ್ನನ್ನು ಕಾಲುವೆ ಏರಿಯ ಮೇಲೆ ಕಟ್ಟಿ, ಮೈಕಿನ ಮುಂದೆ ನಮ್ಮಲ್ಲಿ ಒಬ್ಬರನ್ನು ಕೂಡಿಸಿ ಮನೆಯ ಮಾತು ಆಡಿಸುತ್ತ, ತಾನು ಏರಿಗುಂಟ ನಡೆಯುತ್ತ ಹೋಗುತ್ತಾನೆ. ಮಾತು ತಿಳಿಯದೆ ಬರೀ ಸದ್ದಾದ ಕಡೆ ನಿಂತು ಕೈ ಎತ್ತುತ್ತಾನೆ. ಯಾವುದಕ್ಕೆ ಹೆಚ್ಚು ದೂರ ಹೋದನೋ ಅದು ಪಾಸು. ಅವ್ವನ ಸಾರಿನ ಉಪ್ಪಿನ ಬಗ್ಗೆ ನೀನು ಮಿಲ್ಲಿನವರೆಗೆ ಡಂಗುರ ಹೊಡೆದದ್ದು ಹೀಗೇ ಅಲ್ಲವೇ.

ಈ ಸಲ ನಾನು ಕೂತೆ. ಬಟ್ಟೆಯದಕ್ಕೆ ಅಪ್ಪ ಚಹಾದ ಡಬ್ಬಿ ಅಂಗಡಿಯ ಹತ್ತಿರವೇ ಕೈ ಎತ್ತಿದ. ಮೊದಲೆಲ್ಲ ಮಿಲ್ಲು ದಾಟಿ ಹೋಗುತ್ತಿದ್ದವನು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಗಡಿನದಕ್ಕೆ ಅಲ್ಲಿಂದ ಮುಂದೆ ಹೋದ. ತಿರುಗಿ ಬಂದವನು, ಬಟ್ಟೆ ಇಟ್ಟಲ್ಲೇ ಮೆತ್ತಗಾಗಿದೆ, ಮಾತು ಬಾಯೊಳಗೇ ಉಳಿಯುತ್ತದೆ ಎಂದು ತಗಡಿನದನ್ನೇ ಬಿಗಿದ. ನನಗೆ ಅದರ ದನಿ ಹಲ್ಲು ಜುಮ್ಮೆನ್ನಿಸುವಂತಿತ್ತು. ಆದರೆ ಅಪ್ಪನ ಕಿವಿಯನ್ನು ಅನುಮಾನಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ.

ಬುದ್ಧ ಪೂರ್ಣಿಮೆಗೆ ಮಸ್ಕಿಗೆ ಹೋದೆವು. ಅಲ್ಲಿನ ಬುದ್ಧ ವಂದನೆಗೆ ಪ್ರತಿ ವರ್ಷ ನಮ್ಮದೇ ಹಾರ್ನು. ಜನರಿಂದ ತಿಸರಣದ ಶರಣು ಮಾತುಗಳನ್ನು ಹೇಳಿಸುವ ಗಾಳೆಮ್ಮ ಆಯಿ ಮೈಕಿಗೆ ಬಾಯಿ ಕೊಟ್ಟಿದ್ದೇ ತಡ, ಹಾರ್ನು ಚೀರತೊಡಗಿತು. ಮುಂದೆ ಕೂತ ಮುದುಕಿಯರು ಸೆರಗಿನಿಂದ ಕಿವಿ ಮುಚ್ಚಿಕೊಂಡರು, ಕೂಸುಗಳು ಅತ್ತವು. ಜನ ಕಿವಿ ತೋರಿಸಿ ಕೈ ಬೀಸಿದರೆ, ಹಿಂದಿನವರಿಗೆ ಕೇಳಿಸುತ್ತಿಲ್ಲ ಎನ್ನುತ್ತಿದ್ದಾರೆಂದು ಅಪ್ಪ ಇನ್ನಷ್ಟು ಏರಿಸಿದ. ಆಯಿ ತಾನೇ ವೇದಿಕೆ ಇಳಿದು ಬಂದು ಅವನ ಭುಜ ಹಿಡಿದು, "ಅಂಬಪ್ಪ, ಆರಿಸಿಬಿಡಪಾ. ನಾವು ಬಾಯಿಲೆನಽ ಹೇಳ್ತೀವಿ" ಎಂದಳು. ಅಪ್ಪ ಅವಳ ತುಟಿ ನೋಡುತ್ತ, ನಗುತ್ತ ನಿಂತ. ನಾನು ಹೋಗಿ ಸ್ವಿಚ್ ಆರಿಸಿದೆ. ಜನ ಬಾಯಿಯಿಂದಲೇ ಹೇಳಿದರು, ಚೆನ್ನಾಗಿಯೇ ಹೇಳಿದರು. ಅಪ್ಪ ಸಾಮಾನು ತಂದ ಟಂಟಂ ಆಟೋದ ಹಿಂದೆ ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದ. ಆ ಬೆನ್ನು ನೋಡಿ ನನಗೆ ಅಲ್ಲೇ ಅಳು ಬಂತು.

ಆಮೇಲೆ ಲಿಂಗಸುಗೂರಿನ ಕಿವಿ ಡಾಕ್ಟರಿಗೆ ತೋರಿಸಿದೆವು. ಇಷ್ಟು ವರ್ಷ ಹಾರ್ನಿನ ಬುಡದಲ್ಲೇ ಕೂತದ್ದರ ಫಲ, ಎರಡೂ ಕಿವಿ ಹೋಗುತ್ತಿವೆ, ಹೋದದ್ದು ತಿರುಗಿ ಬರುವುದಿಲ್ಲ, ಮಷೀನು ಹಾಕಿದರೆ ಒಂದಿಷ್ಟು ಅನುಕೂಲ ಎಂದರು. ಮಷೀನಿಗೆ ಬರೆಸಿ ಬಂದಿದ್ದೇವೆ. ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ಮುಖ ಮಾಡಿಕೊಂಡೇ ನನಗೆ ಒಂದು ಮಾತು ಹೇಳಿದ. "ರಾಜೇಶಗ ಹೇಳಬ್ಯಾಡ. ಅಂವಾ ಅಲ್ಲಿ ಬಂದೂಕು ಹಿಡಕೊಂಡು ನಿಂತಾನ, ಈ ಚಿಂತಿ ಅವಗ್ಯಾಕ." ಹೀಗೆ ಹೇಳುವವನನ್ನು ನೀನು ಸಿಟ್ಟಿನವನು ಎನ್ನುತ್ತೀಯಲ್ಲ, ನಿನಗೇನು ಹೇಳಲಿ.

ದಢೇಸುಗೂರಿನ ಮದುವೆಯೊಂದರ ಕೆಲಸ ಹಿಡಿದಿದ್ದೆವು. ನಾನು ತಗಡಿನದನ್ನು ಬಿಚ್ಚಿ ಬಟ್ಟೆಯದನ್ನು ಹಾಕಿದೆ. ಅವ್ವನನ್ನು ಮೈಕಿನ ಮುಂದೆ ಕೂಡಿಸಿ ನಾನೇ ಏರಿಗುಂಟ ನಡೆದೆ. ಮಿಲ್ಲು ದಾಟಿದರೂ ಅವ್ವ ನನ್ನನ್ನು ಬೈಯುವುದು ಅಕ್ಷರ ಅಕ್ಷರ ತಿಳಿಯುತ್ತಿತ್ತು. ತಿರುಗಿ ಬಂದು ನೋಡಿದರೆ ಅಪ್ಪ ಇನ್ನೊಂದು ಯೂನಿಟ್ಟಿನ ಹಿಂಬದಿ ಬಿಚ್ಚಿ, ಬಟ್ಟೆಯನ್ನು ಬೆರಳಿನಿಂದ ಸವರುತ್ತ ಕೂತಿದ್ದ. ಬೈಯುತ್ತಾನೆ ಅಂದುಕೊಂಡೆ. ಸ್ಕ್ರೂ ಬಿಗಿದು ನನ್ನ ಕೈಗೆ ಕೊಟ್ಟು, "ಇನ್ಮ್ಯಾಲ ಯಾವ್ದು ಹಾಕಬೇಕಂತ ನೀನಽ ಆರಿಸು" ಎಂದ. ಕೆಲಸ ಕಲಿತೆನೆಂದು ಹಿಗ್ಗಬೇಕಾಗಿತ್ತು. ಹಿಗ್ಗಲಿಲ್ಲ ಅಣ್ಣ, ಎದೆ ಒಡೆದಂತಾಯಿತು.

ಅವ್ವ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ದಾದೇಸಾಬ ಮಾಮಾ ನಿನ್ನನ್ನು ಕೇಳಿದ. ಮೈ ಜೋಪಾನ.

ನಿನ್ನ ತಂಗಿ
ಅನುಪಮಾ

ತಾ.ಕ.: ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕವರು ಬಿಚ್ಚಿ ಬರೆಯುತ್ತಿದ್ದೇನೆ, ಮನೆಯಲ್ಲಿ ಕೈ ಬರಲಿಲ್ಲ. ತೆಳು ದನಿ ಮೊದಲು ಹೋಗುತ್ತದಂತೆ, ದಪ್ಪ ದನಿ ಕೊನೆಗೆ; ಚೀರುವ ತಗಡೇ ಅವನಿಗೆ ತಿಳಿಯಾಗಿ ಕೇಳಿದ್ದು ಹಾಗಾಗಿ. ನನ್ನದೂ ಅವ್ವನದೂ ಅಪ್ಪನಿಗೆ ಆಗಲೇ ಹೋಗಿವೆ; ಬಾಯಿ ಆಡುವುದು ನೋಡಿ ಹೂಂ ಅನ್ನುತ್ತಾನೆ. ನಿನ್ನದು ದಪ್ಪ. ಫೋನಿನಲ್ಲಿ ಅದೂ ತೆಳ್ಳಗಾಗಿ ಬರುತ್ತದೆ, ಅದಕ್ಕೇ ಸಿಗುವುದಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದರೆ ಇನ್ನೂ ಸಿಗುತ್ತದೆ. ಎಲ್ಲಿಯವರೆಗೆ ಎಂದು ಡಾಕ್ಟರು ಹೇಳಲಿಲ್ಲ. ಡಿಸೆಂಬರಿಗೆಂದು ರಜೆ ಕೂಡಿಡಬೇಡ, ಈಗ ಬಾ.